ಓದುಗರ ಪ್ರಶ್ನೆಗಳಿಗೆ ಉತ್ತರ: ತಂತಿಯಲ್ಲಿ ಸಾಗುವ ಅಲೆಯೂ ಕೆಳಗಿನ ಮಣ್ಣೂ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಬಾರಿ ಬಂದ ಹಲವು ಪತ್ರಗಳು ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯವನ್ನು ಕೇಳಿವೆ: ಕಂಬ ಮತ್ತು ಟವರ್‌ಗಳ ಮೇಲೆ ಹಾದುಹೋಗುವ ವಿದ್ಯುತ್ ಮಾರ್ಗಕ್ಕೂ ಅದರ ಕೆಳಗಿನ ಮಣ್ಣಿನ ವಾಹಕತೆಗೂ ಏನು ಸಂಬಂಧ? ವಿದ್ಯಾರ್ಥಿಗಳು, ವಿದ್ಯುತ್ ಇಲಾಖೆಯಲ್ಲಿ ದುಡಿಯುವವರು, ತೋಟದ ಮಾಲೀಕರು ಎಲ್ಲರೂ ಕೇಳಿದ್ದರಿಂದ, ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಂತಿಗಳು ನೆಲವನ್ನು ಮುಟ್ಟುವುದೇ ಇಲ್ಲ; ಇನ್ಸುಲೇಟರ್‌ಗಳ ಆಸರೆಯಲ್ಲಿ ಹತ್ತಾರು ಅಡಿ ಎತ್ತರದಲ್ಲಿ ಹೋಗುತ್ತವೆ. ತಂತಿಯಲ್ಲಿ ಅಲೆಯ ವೇಗವು ಬೆಳಕಿನ ವೇಗಕ್ಕೆ ಸಮೀಪವೆಂದು ಪಠ್ಯದಲ್ಲಿ ಓದಿದ್ದೇನೆ. ಹೀಗಿರುವಾಗ ಕೆಳಗಿನ ಮಣ್ಣು ಆ ವೇಗವನ್ನು ಬದಲಿಸುವುದು ಹೇಗೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ವಿದ್ಯುತ್ ಶಕ್ತಿಯು ಲೋಹದ ಒಳಗೆ ಹರಿಯುವುದಿಲ್ಲ, ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳಲ್ಲಿ ಹರಿಯುತ್ತದೆ ಎಂಬ ಮಾತನ್ನು ನೀವು ಓದಿರುತ್ತೀರಿ. ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿಂದಲೇ ಹೊರಡುತ್ತದೆ. ತಂತಿ ನೆಲವನ್ನು ಮುಟ್ಟದಿದ್ದರೂ ಅದರ ಕ್ಷೇತ್ರಗಳು ನೆಲವನ್ನು ಮುಟ್ಟುತ್ತವೆ, ಮತ್ತು ಆ ಎರಡು ಕ್ಷೇತ್ರಗಳನ್ನು ಮಣ್ಣು ಒಂದೇ ರೀತಿಯಲ್ಲಿ ಕಾಣುವುದಿಲ್ಲ. ಈ ಲೇಖನದ ಉಳಿದ ಉತ್ತರಗಳೆಲ್ಲ ಇದೊಂದು ವ್ಯತ್ಯಾಸದ ಮೇಲೆಯೇ ನಿಂತಿರುವುದರಿಂದ, ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ವಿದ್ಯುತ್ ಕ್ಷೇತ್ರ. ತಂತಿಯಲ್ಲಿ ಧನ ಆವೇಶ ಬಂದೊಡನೆ ಅದರ ಕೆಳಗಿನ ನೆಲದ ಮೇಲ್ಮೈಯಲ್ಲಿ ಋಣ ಆವೇಶ ಕೂಡಿಕೊಂಡು, ಕ್ಷೇತ್ರವು ಮಣ್ಣಿನೊಳಗೆ ಇಳಿಯದಂತೆ ತಡೆಯುತ್ತದೆ. ಈ ಆವೇಶ ಕೂಡಿಕೊಳ್ಳಲು ಬೇಕಾದ ಸಮಯವು ಮಣ್ಣಿನ ರೋಧಶೀಲತೆ (ವಾಹಕತೆಯ ವಿಲೋಮ) ಮತ್ತು ಅದರ ಪರವಿದ್ಯುತ್ ಗುಣದ (ಪರ್ಮಿಟಿವಿಟಿ) ಗುಣಲಬ್ಧಕ್ಕೆ ಸಮ. 1000 ಓಮ್-ಮೀಟರ್ ರೋಧಶೀಲತೆಯ ಕೆಟ್ಟ ಮಣ್ಣಿನಲ್ಲೂ ಅದು ಒಂದು ಮೈಕ್ರೋಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೂ ಆಗದು. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಹಿಡಿಯುತ್ತದೆ. ಅದರ ಮುಂದೆ ಈ ಸಮಯ ಏನೇನೂ ಅಲ್ಲ. ಆದ್ದರಿಂದ ವಿದ್ಯುತ್ ಕ್ಷೇತ್ರದ ಮಟ್ಟಿಗೆ ಕೆಂಪು ಮಣ್ಣು, ಎರೆಮಣ್ಣು, ಕರಿಬಂಡೆ ಎಲ್ಲವೂ ತಾಮ್ರದ ತಗಡಿನಂತೆಯೇ ವರ್ತಿಸುತ್ತವೆ. ತಂತಿಯ ಕೆಪಾಸಿಟೆನ್ಸನ್ನು (ಆವೇಶ ಹಿಡಿದಿಡುವ ಸಾಮರ್ಥ್ಯವನ್ನು) ನಿರ್ಧರಿಸುವುದು ಅದರ ದಪ್ಪ ಮತ್ತು ನೆಲದಿಂದ ಅದು ಇರುವ ನಿಜವಾದ ಎತ್ತರ ಮಾತ್ರ, ಮಣ್ಣಿನ ಗುಣವಲ್ಲ.

ಕಾಂತಕ್ಷೇತ್ರದ ಕತೆ ಬೇರೆ. ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ತಡೆಯಲು ಮಣ್ಣಿನಲ್ಲಿ ನಿಜವಾದ ಪ್ರವಾಹ ಹರಿಯಬೇಕು, ಮತ್ತು ಮಣ್ಣಿನ ವಾಹಕತೆ ಕಡಿಮೆಯಾದಷ್ಟೂ ಆ ತಡೆ ದುರ್ಬಲವಾಗಿ, ಕ್ಷೇತ್ರವು ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಹೀಗೆ ಇಳಿಯುವ ಆಳವು ರೋಧಶೀಲತೆಯನ್ನು ಆವೃತ್ತಿಯಿಂದ ಭಾಗಿಸಿ ಬಂದ ಸಂಖ್ಯೆಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಮೀಟರುಗಳಲ್ಲಿ ಬೇಕಾದರೆ ಆ ವರ್ಗಮೂಲವನ್ನು 503ರಿಂದ ಗುಣಿಸಬೇಕು. ಮಣ್ಣು 100 ಓಮ್-ಮೀಟರ್‌ನದಾದರೆ 50 ಹರ್ಟ್ಸ್‌ನಲ್ಲಿ ಈ ಆಳ ಸುಮಾರು 710 ಮೀಟರ್. 1000 ಓಮ್-ಮೀಟರ್ ಆದರೆ 2250 ಮೀಟರ್, ಎಂದರೆ ಎರಡು ಕಿಲೋಮೀಟರಿಗೂ ಹೆಚ್ಚು. ಅದೇ ಎರಡು ಮಣ್ಣುಗಳಲ್ಲಿ 100 ಕಿಲೋಹರ್ಟ್ಸ್ ಅಲೆಗೆ ಆಳ ಕ್ರಮವಾಗಿ ಸುಮಾರು 16 ಮತ್ತು 50 ಮೀಟರ್.

ಈಗ ಎರಡನ್ನೂ ಕೂಡಿಸಿ ನೋಡಿ. ಅಲೆಯ ವೇಗವು ಇಂಡಕ್ಟೆನ್ಸ್ (ಪ್ರವಾಹವು ತನ್ನ ಸುತ್ತ ಎಷ್ಟು ಕಾಂತಕ್ಷೇತ್ರ ಕಟ್ಟುತ್ತದೆ ಎಂಬ ಅಳತೆ) ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಆದರ್ಶ ವಾಹಕದಂತಹ ನೆಲವಿದ್ದಿದ್ದರೆ ಎರಡೂ ಒಂದೇ ಎತ್ತರದಿಂದ ನಿರ್ಧಾರವಾಗಿ, ವೇಗವು ಸರಿಯಾಗಿ ಬೆಳಕಿನ ವೇಗವೇ ಆಗುತ್ತಿತ್ತು. ನಿಜವಾದ ಮಣ್ಣಿನಲ್ಲಿ ಕೆಪಾಸಿಟೆನ್ಸ್ ಇದ್ದಷ್ಟೇ ಇರುತ್ತದೆ. ಕಾಂತಕ್ಷೇತ್ರ ಮಾತ್ರ ಆಳಕ್ಕೆ ಹಬ್ಬಿ ಇಂಡಕ್ಟೆನ್ಸ್ ಹೆಚ್ಚುತ್ತದೆ. ಆದಕಾರಣ ಅಲೆ ನಿಧಾನವಾಗುತ್ತದೆ. ನೆಲದಿಂದ 15 ಮೀಟರ್ ಎತ್ತರದಲ್ಲಿರುವ, 14 ಮಿಲಿಮೀಟರ್ ತ್ರಿಜ್ಯದ ಒಂಟಿ ತಂತಿಯಲ್ಲಿ ಹೋದ ಪ್ರವಾಹ ನೆಲದ ಮೂಲಕ ಮರಳುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 50 ಹರ್ಟ್ಸ್‌ನಲ್ಲಿ ವೇಗವು 100 ಓಮ್-ಮೀಟರ್ ಮಣ್ಣಿನ ಮೇಲೆ ಸೆಕೆಂಡಿಗೆ ಸುಮಾರು 2.5 ಲಕ್ಷ ಕಿಲೋಮೀಟರ್, 1000 ಓಮ್-ಮೀಟರ್ ಮಣ್ಣಿನ ಮೇಲೆ ಸುಮಾರು 2.37 ಲಕ್ಷ ಕಿಲೋಮೀಟರ್ ಬರುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಅದೇ 1000 ಓಮ್-ಮೀಟರ್ ಮಣ್ಣಿನ ಮೇಲೆ ವೇಗ 2.8 ಲಕ್ಷಕ್ಕೆ ಏರುತ್ತದೆ. ಆವೃತ್ತಿಗೊಂದು ವೇಗ ಇರುವುದರಿಂದ, ಹಲವು ಆವೃತ್ತಿಗಳು ಕೂಡಿ ಆದ ಒಂದು ಚೂಪಾದ ಅಲೆ ದೂರ ಸಾಗಿದಂತೆ ತನ್ನ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ.

ನಿಮ್ಮ ಪಠ್ಯ ಹೇಳಿದ್ದೂ ತಪ್ಪಲ್ಲ. ಮೂರು ಫೇಸ್‌ಗಳ ಪ್ರವಾಹಗಳ ಮೊತ್ತ ಸೊನ್ನೆಯಾಗಿದ್ದರೆ, ಒಂದು ತಂತಿಯಲ್ಲಿ ಹೋದದ್ದು ಉಳಿದೆರಡರಲ್ಲಿ ಮರಳುತ್ತದೆ, ನೆಲಕ್ಕೆ ಕೆಲಸವೇ ಇರುವುದಿಲ್ಲ. ಅಂತಹ ಅಲೆ ಬಹುತೇಕ ಬೆಳಕಿನ ವೇಗದಲ್ಲೇ ಹೋಗುತ್ತದೆ. ಮೊತ್ತ ಸೊನ್ನೆಯಾಗದೆ ಉಳಿದ ಭಾಗ ಮಾತ್ರ ನೆಲದ ಮೂಲಕ ಮರಳಬೇಕು, ಮತ್ತು ಮಣ್ಣಿನ ಪ್ರಭಾವ ತಟ್ಟುವುದು ಆ ಭಾಗಕ್ಕೆ. ಸಿಡಿಲು ಬಡಿದಾಗ, ಒಂದು ಫೇಸ್ ನೆಲಕ್ಕೆ ತಾಗಿದಾಗ, ಒಂದೇ ತಂತಿಗೆ ಸಂಕೇತ ಕೊಟ್ಟಾಗ ಈ ಭಾಗ ದೊಡ್ಡದಾಗಿರುತ್ತದೆ.

ದೋಷವಾದ ಜಾಗವನ್ನು ಅಲೆಗಳ ಮೂಲಕ ಹುಡುಕುವ ಉಪಕರಣಗಳು ಈ ತಿಳಿವಳಿಕೆಯನ್ನೇ ಬಳಸುತ್ತವೆ. ದೋಷದ ಬಿಂದುವಿನಿಂದ ಎರಡೂ ತುದಿಗಳಿಗೆ ಹೊರಟ ಅಲೆಗಳು ತಲುಪಿದ ಸಮಯದ ಅಂತರದಿಂದ ಜಾಗವನ್ನು ಲೆಕ್ಕ ಹಾಕುವಾಗ, ಸಮಯದಲ್ಲಿ ಒಂದು ಮೈಕ್ರೋಸೆಕೆಂಡು ತಪ್ಪಿದರೆ ಜಾಗದಲ್ಲಿ ಸುಮಾರು 150 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಮಣ್ಣಿನೊಂದಿಗೆ ವೇಗ ಬದಲಿಸುವ ನೆಲದ ಅಲೆಯನ್ನು ಬದಿಗಿಟ್ಟು, ತಂತಿಗಳ ನಡುವಿನ ಅಲೆಯನ್ನು ಮಾತ್ರ ಗಣಿತದಿಂದ ಬೇರ್ಪಡಿಸಿ ಅಳೆಯುತ್ತಾರೆ. ಉಡುಪಿಯ ಕಡೆಯಿಂದ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಬರುವ 400 ಕಿಲೋವೋಲ್ಟ್ ಮಾರ್ಗದಂತಹ ಕಡೆ, ದಟ್ಟ ಕಾಡಿನ ಇಳಿಜಾರಿನಲ್ಲಿ ಟವರ್ ಟವರ್ ಹುಡುಕುತ್ತಾ ನಡೆಯುವ ಸಿಬ್ಬಂದಿಗೆ ಕೆಲವು ನೂರು ಮೀಟರಿನ ನಿಖರತೆ ಎಷ್ಟು ದೊಡ್ಡ ಉಪಕಾರವೆಂದು ಊಹಿಸಬಹುದು.

ಪ್ರಶ್ನೆ: ನೆಲದ ಮೂಲಕ ಮರಳುವ ಪ್ರವಾಹಕ್ಕೆ 50 ಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 0.05 ಓಮ್ ರೋಧವೆಂದು ಕೈಪಿಡಿಗಳಲ್ಲಿ ಕೊಟ್ಟಿರುತ್ತಾರೆ. ಮಣ್ಣು ಯಾವುದೆಂದು ಕೇಳುವುದೇ ಇಲ್ಲ. ಕಡೂರಿನ ಬಯಲಿಗೂ ಮುಳ್ಳಯ್ಯನಗಿರಿಯ ಬಂಡೆಗೂ ಒಂದೇ ರೋಧ ಹೇಗಾದೀತು? ಇದು ಒರಟು ಅಂದಾಜೇ?
— ಕಿರಿಯ ಎಂಜಿನಿಯರ್, ಚಿಕ್ಕಮಗಳೂರು

ಉತ್ತರ: ಒರಟು ಅಂದಾಜಲ್ಲ, ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಫಲಿತಾಂಶವೇ ಇದು. ಅಮೆರಿಕದ ಜಾನ್ ಕಾರ್ಸನ್ 1926ರಲ್ಲಿ ನೆಲದ ಮೂಲಕ ಮರಳುವ ಪ್ರವಾಹವಿರುವ ತಂತಿಗಳಲ್ಲಿ ಅಲೆಯ ಪ್ರಸರಣವನ್ನು ಗಣಿತದಿಂದ ಬಿಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಫೆಲಿಕ್ಸ್ ಪೊಲಾಚೆಕ್ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದರು. ಕಾರ್ಸನ್ ಅವರ ಸೂತ್ರವನ್ನು ಕಡಿಮೆ ಆವೃತ್ತಿಗೆ ಇಳಿಸಿದಾಗ ರೋಧದ ಭಾಗದಲ್ಲಿ ಮಣ್ಣಿನ ರೋಧಶೀಲತೆ ಮಾಯವಾಗಿ, ಆವೃತ್ತಿ ಮಾತ್ರ ಉಳಿಯುತ್ತದೆ. 50 ಹರ್ಟ್ಸ್‌ಗೆ ಆ ಬೆಲೆ ಕಿಲೋಮೀಟರಿಗೆ 0.0493 ಓಮ್.

ಕಾರಣವನ್ನು ಗಣಿತವಿಲ್ಲದೆಯೂ ಕಾಣಬಹುದು. ಹೇಮಾವತಿಯು ಇಕ್ಕಟ್ಟಾದ ಕಡೆ ರಭಸದಿಂದಲೂ ಹರವಾದ ಕಡೆ ನಿಧಾನವಾಗಿಯೂ ಹರಿದು, ಎರಡೂ ಕಡೆ ಅಷ್ಟೇ ನೀರನ್ನು ಸಾಗಿಸುವಂತೆ, ನೆಲದೊಳಗಿನ ಪ್ರವಾಹವೂ ಮಣ್ಣು ಕೆಟ್ಟದ್ದಾದಷ್ಟೂ ಹರಡಿಕೊಳ್ಳುತ್ತದೆ. ಅದರ ಆಳ ರೋಧಶೀಲತೆಯ ವರ್ಗಮೂಲದಂತೆ ಹೆಚ್ಚುತ್ತದೆ, ಅಗಲವೂ ಹಾಗೆಯೇ ಹೆಚ್ಚುತ್ತದೆ. ಆದ್ದರಿಂದ ಪ್ರವಾಹ ಹರಿಯುವ ಅಡ್ಡಕೊಯ್ತದ ವಿಸ್ತೀರ್ಣ ರೋಧಶೀಲತೆಯಷ್ಟೇ ಪಟ್ಟು ಹೆಚ್ಚುತ್ತದೆ. ರೋಧವೆಂದರೆ ರೋಧಶೀಲತೆಯನ್ನು ವಿಸ್ತೀರ್ಣದಿಂದ ಭಾಗಿಸಿದ್ದು ತಾನೇ? ಮೇಲೂ ಕೆಳಗೂ ಒಂದೇ ಪಟ್ಟು ಹೆಚ್ಚಿದರೆ ಭಾಗಲಬ್ಧ ಬದಲಾಗುವುದಿಲ್ಲ.

ಆದರೆ ಹರಡಿಕೊಂಡದ್ದಕ್ಕೆ ಬೆಲೆ ತೆರಬೇಕು, ಅದು ರಿಯಾಕ್ಟೆನ್ಸ್ (ಇಂಡಕ್ಟೆನ್ಸ್‌ನಿಂದ ಪರ್ಯಾಯ ಪ್ರವಾಹಕ್ಕೆ ಆಗುವ ತಡೆ) ರೂಪದಲ್ಲಿ. ಮರಳುವ ಪ್ರವಾಹವೆಲ್ಲ ಒಂದು ಕಾಲ್ಪನಿಕ ತಂತಿಯಲ್ಲಿ ಹರಿಯುತ್ತದೆಂದು ಭಾವಿಸಿದರೆ ಆ ತಂತಿ ಎಷ್ಟು ಆಳದಲ್ಲಿರಬೇಕೆಂಬುದನ್ನು ಕಾರ್ಸನ್ ಅವರ ಸೂತ್ರ ಹೇಳುತ್ತದೆ: 50 ಹರ್ಟ್ಸ್‌ನಲ್ಲಿ 100 ಓಮ್-ಮೀಟರ್ ಮಣ್ಣಿಗೆ ಸುಮಾರು 930 ಮೀಟರ್, 1000 ಓಮ್-ಮೀಟರ್ ಮಣ್ಣಿಗೆ ಸುಮಾರು 2950 ಮೀಟರ್. ಲೆಕ್ಕದಲ್ಲಿ ಹಿಡಿದ 100 ಓಮ್-ಮೀಟರ್‌ನ ಬದಲು ನಿಮ್ಮ ಮಾರ್ಗದ ಕೆಳಗೆ 1000 ಇದ್ದರೆ, ನೆಲದ ಮೂಲಕ ಸುತ್ತುವ ಕುಣಿಕೆಯ ರಿಯಾಕ್ಟೆನ್ಸ್ ಕಿಲೋಮೀಟರಿಗೆ 0.072 ಓಮ್‌ನಷ್ಟು ಹೆಚ್ಚುತ್ತದೆ. ಮೂರೂ ಫೇಸ್‌ಗಳಲ್ಲಿ ಒಂದೇ ಪ್ರವಾಹ ಹೋಗಿ ನೆಲದ ಮೂಲಕ ಮರಳುತ್ತದೆಂಬ ಜೀರೋ ಸೀಕ್ವೆನ್ಸ್ ಲೆಕ್ಕದಲ್ಲಿ ಇದರ ಮೂರು ಪಟ್ಟು, 0.217 ಓಮ್. ಒಂದು ಫೇಸ್ ನೆಲಕ್ಕೆ ತಾಗಿದಾಗ ದೋಷದ ದೂರವನ್ನು ಅಂದಾಜಿಸಿ ಮಾರ್ಗವನ್ನು ಕಡಿತಗೊಳಿಸುವ ಡಿಸ್ಟೆನ್ಸ್ ರಿಲೇ ನೋಡುವ ಕುಣಿಕೆಯ ರಿಯಾಕ್ಟೆನ್ಸ್ 220 ಕಿಲೋವೋಲ್ಟ್ ಮಾರ್ಗದಲ್ಲಿ ಕಿಲೋಮೀಟರಿಗೆ ಹೆಚ್ಚೂಕಡಿಮೆ 0.7 ಓಮ್ ಇರುವುದರಿಂದ, ಇದು ಶೇಕಡಾ 10ರಷ್ಟು ವ್ಯತ್ಯಾಸ. ದೋಷವು ನಿಜವಾಗಿ ಇರುವುದಕ್ಕಿಂತ ದೂರದಲ್ಲಿದೆಯೆಂದು ರಿಲೇಗೆ ತೋರುತ್ತದೆ. ಟವರ್ ತುದಿಯ ಭೂತಂತಿ ಒಂದಿಷ್ಟು ಪ್ರವಾಹವನ್ನು ತಾನೇ ಹೊತ್ತು ಈ ವ್ಯತ್ಯಾಸವನ್ನು ತಗ್ಗಿಸುತ್ತದಾದರೂ, ಮಲೆನಾಡಿನ ಬಂಡೆಯ ಮೇಲೆ ಹಾದುಹೋಗುವ ಮಾರ್ಗಕ್ಕೆ ಬಯಲಿನ ಬೆಲೆಯನ್ನು ಹಾಗೆಯೇ ಹಾಕುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹೊಸ ಮಾರ್ಗವನ್ನು ಚಾಲನೆಗೊಳಿಸುವಾಗ ಜೀರೋ ಸೀಕ್ವೆನ್ಸ್ ಇಂಪಿಡೆನ್ಸನ್ನು ನೇರವಾಗಿ ಅಳೆದು, ಆ ಬೆಲೆಯನ್ನೇ ರಿಲೇಗೆ ಕೊಡುವುದು ಸಾಧ್ಯವಿದೆ. ಸಾಧ್ಯವಿದ್ದಲ್ಲಿ ಹಾಗೇ ಮಾಡಬೇಕು.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಮಳೆಗಾಲದಲ್ಲಿ ಮಣ್ಣಿನ ವಾಹಕತೆ ಹೆಚ್ಚಿ ಮಾರ್ಗದ ಗುಣವೂ ಬದಲಾಗುವುದೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಯಾವ ಆವೃತ್ತಿಯ ಅಲೆ ಎಂಬುದರ ಮೇಲೆ ಇದಕ್ಕೆ ಉತ್ತರ ನಿಂತಿದೆ, ಏಕೆಂದರೆ ಪ್ರತಿಯೊಂದು ಅಲೆಯೂ ತನ್ನ ಆಳದ ಮಣ್ಣನ್ನು ಮಾತ್ರ ನೋಡುತ್ತದೆ. 50 ಹರ್ಟ್ಸ್ ಪ್ರವಾಹ ಒಂದೆರಡು ಕಿಲೋಮೀಟರ್ ಆಳದವರೆಗೆ ಹರಡಿರುವಾಗ, ಮಳೆಯಲ್ಲಿ ತೊಯ್ದ ಮೇಲಿನ ಕೆಲವು ಮೀಟರುಗಳು ಅದಕ್ಕೆ ಲೆಕ್ಕಕ್ಕಿಲ್ಲ. ಅದು ನೋಡುವುದು ಅಡಿಯ ನೈಸ್ ಶಿಲೆಯನ್ನು, ಮತ್ತು ಆ ಶಿಲೆಗೆ ಕಾಲಮಾನದ ಹಂಗಿಲ್ಲ. 100 ಕಿಲೋಹರ್ಟ್ಸ್ ಸಂಕೇತಕ್ಕೆ ಹದಿನೈದರಿಂದ ಐವತ್ತು ಮೀಟರ್‌ವರೆಗಿನ ಪದರ ಮುಖ್ಯ. ಅಂತರ್ಜಲದ ಮಟ್ಟ ಏರಿಳಿದರೆ ಅದಕ್ಕೆ ಗೊತ್ತಾಗುತ್ತದೆ. ಸಿಡಿಲಿನ ಅಲೆಯಲ್ಲಿರುವ ಮೆಗಾಹರ್ಟ್ಸ್ ಆವೃತ್ತಿಗಳಿಗೂ ಟವರ್‌ಗಳ ಅರ್ತಿಂಗ್‌ಗೂ ಮೇಲಿನ ಕೆಲವೇ ಮೀಟರುಗಳ ಮಣ್ಣೇ ಎಲ್ಲವೂ. ಅಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಬಹಳ ಅಂತರವಿದೆ.

ಇದರ ಜೊತೆಗೆ ನಿಮ್ಮ ಪ್ರದೇಶಕ್ಕೇ ಸೇರಿದ ಇನ್ನೊಂದು ಮಾತನ್ನು ಹೇಳಬೇಕು. ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ನೀರಲ್ಲ, ನೀರಿನಲ್ಲಿ ಕರಗಿದ ಲವಣಗಳು. ಶತಮಾನಗಳಿಂದ ಸುರಿದ ಮಳೆ ಮಲೆನಾಡಿನ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆಯಿಂದ ಲವಣಗಳನ್ನು ತೊಳೆದುಕೊಂಡು ಹೋಗಿರುವುದರಿಂದ, ಒದ್ದೆಯಾಗಿದ್ದರೂ ಆ ಮಣ್ಣು ಒಳ್ಳೆಯ ವಾಹಕವಾಗಬೇಕೆಂದಿಲ್ಲ. ಅಜ್ಜಂಪುರದ ಕಡೆಯ ಎರೆಮಣ್ಣು ಅಷ್ಟು ಮಳೆ ಕಾಣದಿದ್ದರೂ ಜೇಡಿ ಮತ್ತು ಲವಣದ ಅಂಶ ಹೆಚ್ಚಿರುವುದರಿಂದ ವಾಹಕತೆಯಲ್ಲಿ ಅದಕ್ಕಿಂತ ಮೇಲು. ಅರ್ತಿಂಗ್ ಗುಂಡಿಗೆ ಹಾಕಿದ ಉಪ್ಪು ನಿಮ್ಮಲ್ಲಿ ಬೇಗ ತೊಳೆದುಹೋಗಲು ಕಾರಣವೂ ಆ ಮಳೆಯೇ.

ಪ್ರಶ್ನೆ: ಸಬ್‌ಸ್ಟೇಷನ್‌ಗಳ ನಡುವೆ ವಿದ್ಯುತ್ ಮಾರ್ಗದ ಮೇಲೆಯೇ ಕಳಿಸುವ ಕ್ಯಾರಿಯರ್ ಸಂಕೇತವನ್ನು ಒಂದು ಫೇಸ್ ಮತ್ತು ನೆಲದ ನಡುವೆ ಕೊಡುವುದಕ್ಕಿಂತ ಎರಡು ಫೇಸ್‌ಗಳ ನಡುವೆ ಕೊಡುವುದು ಉತ್ತಮವೆನ್ನುತ್ತಾರೆ. ಇದಕ್ಕೂ ಮಣ್ಣಿಗೂ ಸಂಬಂಧವಿದೆಯೇ?
— ನಿವೃತ್ತ ಸಬ್‌ಸ್ಟೇಷನ್ ಆಪರೇಟರ್, ಅರಸೀಕೆರೆ

ಉತ್ತರ: ನೇರ ಸಂಬಂಧವಿದೆ. ಮೊದಲ ಉತ್ತರದಲ್ಲಿ ಹೇಳಿದ ಒಂಟಿ ತಂತಿಯನ್ನೇ ತೆಗೆದುಕೊಂಡು, 100 ಕಿಲೋಹರ್ಟ್ಸ್ ಸಂಕೇತವು ನೆಲದ ಮೂಲಕ ಮರಳುತ್ತದೆಂದು ಲೆಕ್ಕ ಹಾಕಿದರೆ, ಕಿಲೋಮೀಟರಿಗೆ ಆಗುವ ಕ್ಷೀಣತೆ 10 ಓಮ್-ಮೀಟರ್ ಮಣ್ಣಿನ ಮೇಲೆ ಸುಮಾರು 0.17 ಡೆಸಿಬೆಲ್, 100 ಓಮ್-ಮೀಟರ್ ಮೇಲೆ 0.4, 1000 ಓಮ್-ಮೀಟರ್ ಮೇಲೆ 0.6. ಸಂಖ್ಯೆಗಳು ಚಿಕ್ಕವೆನಿಸಬಹುದು. ಆದರೆ 50 ಕಿಲೋಮೀಟರ್ ದಾಟಿದ ಮೇಲೆ ಮೊದಲನೆಯ ಮಣ್ಣಿನಲ್ಲಿ ಶಕ್ತಿಯ ಏಳನೆಯ ಒಂದು ಭಾಗ ಉಳಿದರೆ, ಎರಡನೆಯದರಲ್ಲಿ ಎಂಬತ್ತರಲ್ಲಿ ಒಂದರಷ್ಟು, ಮೂರನೆಯದರಲ್ಲಿ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ ಉಳಿಯುತ್ತದೆ. ತಂತಿಯ ಲೋಹದಲ್ಲಿ ಆಗುವ ನಷ್ಟ ಇದರ ಮುಂದೆ ಅಲ್ಪ: ಈ ಆವೃತ್ತಿಯಲ್ಲಿ ಲೋಹದ ರೋಧ ಕಿಲೋಮೀಟರಿಗೆ ಒಂದು ಓಮ್‌ನ ಆಸುಪಾಸಿನಲ್ಲಿದ್ದರೆ, 1000 ಓಮ್-ಮೀಟರ್ ನೆಲ ಕೂಡಿಸುವ ರೋಧ ಸುಮಾರು 70 ಓಮ್.

ಮಣ್ಣು ರೋಧವನ್ನು ಬದಲಿಸುವುದಿಲ್ಲವೆಂದು ಮೇಲೆ ಹೇಳಿ ಇಲ್ಲಿ ಬದಲಿಸುತ್ತದೆಂದು ಹೇಳಿದಂತಾಯಿತಲ್ಲ ಎಂದು ಚಿಕ್ಕಮಗಳೂರಿನ ಪತ್ರ ಬರೆದವರಿಗೆ ಅನಿಸಬಹುದು. ಕ್ಷೇತ್ರ ಇಳಿಯುವ ಆಳವು ತಂತಿಯ ಎತ್ತರಕ್ಕಿಂತ ಬಹಳ ದೊಡ್ಡದಾಗಿರುವಾಗ ಮಾತ್ರ ಆ ಮಾತು ನಿಲ್ಲುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಎರಡೂ ಸರಿಸುಮಾರು ಸಮವಾಗಿರುವುದರಿಂದ ಮಣ್ಣಿನ ಗುಣ ರೋಧದಲ್ಲೂ ಕಾಣಿಸಿಕೊಳ್ಳುತ್ತದೆ. ಮಣ್ಣು ಇನ್ನೂ ಕೆಟ್ಟರೆ ಆ ರೋಧವು ಕಿಲೋಮೀಟರಿಗೆ ಸುಮಾರು 99 ಓಮ್‌ನ ಮಿತಿಯ ಕಡೆಗೆ ಸಾಗುತ್ತದೆ.

ಒಂದೇ ಫೇಸ್‌ಗೆ ಸಂಕೇತ ಕೊಟ್ಟಾಗಲೂ ಶಕ್ತಿಯೆಲ್ಲ ನೆಲದ ಅಲೆಯಾಗಿ ಹೋಗುವುದಿಲ್ಲ. ಅದು ನೆಲದ ಅಲೆ ಮತ್ತು ತಂತಿಗಳ ನಡುವಿನ ಅಲೆಗಳಾಗಿ ಹಂಚಿಹೋಗುತ್ತದೆ. ನೆಲದ ಪಾಲು ದಾರಿಯಲ್ಲಿ ಕರಗುತ್ತದೆ, ಉಳಿದದ್ದು ಆ ತುದಿಯನ್ನು ತಲುಪುತ್ತದೆ. ಮೂರು ತಂತಿಗಳು ಅಡ್ಡಸಾಲಿನಲ್ಲಿರುವ ಮಾರ್ಗದಲ್ಲಿ ಅತ್ಯಂತ ಕಡಿಮೆ ಕ್ಷೀಣಿಸುವ ಅಲೆ ನಡುವಿನ ಫೇಸ್‌ನಲ್ಲಿ ಹೋಗಿ ಎರಡೂ ಬದಿಯ ಫೇಸ್‌ಗಳಲ್ಲಿ ಮರಳುವಂಥದ್ದು. ಹಾಗಾಗಿ ಒಂದೇ ಫೇಸ್‌ಗೆ ಕೊಡಬೇಕಾದರೆ ನಡುವಿನದಕ್ಕೆ ಕೊಡಬೇಕು. ಎರಡಕ್ಕೆ ಕೊಡುವುದಾದರೆ ನಡುವಿನದೂ ಬದಿಯದೂ ಸೇರಿ ಇರಬೇಕು. ಅಂತಹ ಜೋಡಣೆಯಲ್ಲಿ ಮಣ್ಣಿನ ಪಾತ್ರ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಪ್ರಶ್ನೆ: ಬಾಬಾಬುಡನ್‌ಗಿರಿ ಸಾಲಿನಲ್ಲಿ ಕಬ್ಬಿಣದ ಅದಿರಿದೆ. ಅದು ಕಾಂತೀಯ ವಸ್ತುವಾದ್ದರಿಂದ ಅಲ್ಲಿ ಅಲೆಯ ವರ್ತನೆ ವಿಶೇಷವಾಗಿರುವುದೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ತರೀಕೆರೆ

ಉತ್ತರ: ಕಬ್ಬಿಣದ ಅದಿರುಗಳಲ್ಲಿ ಹೆಮಟೈಟ್ ಬಹಳ ದುರ್ಬಲ ಕಾಂತೀಯ ಖನಿಜ, ಅದರಿಂದ ಗಮನಾರ್ಹ ಬದಲಾವಣೆ ಆಗದು. ಕುದುರೆಮುಖದಲ್ಲಿ ತೆಗೆಯುತ್ತಿದ್ದಂತಹ ಮ್ಯಾಗ್ನಟೈಟ್ ಪ್ರಬಲವಾದ ಕಾಂತೀಯ ಗುಣವುಳ್ಳದ್ದು, ಹೆಚ್ಚು ಆವೃತ್ತಿಯ ಅಲೆಗೆ ಅದರ ಪಟ್ಟಿಯ ಮೇಲೆ ಹಾದುಹೋಗುವಷ್ಟು ದೂರ ಸ್ವಲ್ಪ ವ್ಯತ್ಯಾಸ ಕಾಣಬಹುದು. ಹತ್ತಾರು ಕಿಲೋಮೀಟರ್ ಉದ್ದದ ಮಾರ್ಗದ ಒಟ್ಟು ವರ್ತನೆಯಲ್ಲಿ ಅದಿರಿಗಿಂತ ಅದರ ಸುತ್ತಲಿನ ಶಿಲೆಯ ರೋಧಶೀಲತೆಯೇ ಮುಖ್ಯ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಲೈನಿಗೆ ಬಡಿಯದೆ ಪಕ್ಕದ ತೋಟದ ಮರಕ್ಕೆ ಬಡಿದರೂ ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಮಣ್ಣಿನ ದೋಷವೂ ಇದಕ್ಕೆ ಕಾರಣವೇ?
— ಕೃಷಿಕರು, ಸಕಲೇಶಪುರ

ಉತ್ತರ: ಒಂದು ಪಾಲಿನಷ್ಟು ಹೌದು. ಸಿಡಿಲಿನ ಪ್ರವಾಹ ಇಳಿಯುವಾಗ ಅದರ ಕ್ಷೇತ್ರ ಹತ್ತಿರದ ತಂತಿಯಲ್ಲಿ ವೋಲ್ಟೇಜನ್ನು ಪ್ರೇರೇಪಿಸುತ್ತದೆ. ನೆಲವನ್ನು ಆದರ್ಶ ವಾಹಕವೆಂದು ತಿಳಿದು ಮಾಡುವ ರೂಢಿಯ ಲೆಕ್ಕದಲ್ಲಿ, 30 ಕಿಲೋಆಂಪಿಯರ್ ಸಿಡಿಲು 10 ಮೀಟರ್ ಎತ್ತರದ ತಂತಿಯಿಂದ 100 ಮೀಟರ್ ದೂರದಲ್ಲಿ ಬಿದ್ದರೆ ತಂತಿಯಲ್ಲಿ ಸುಮಾರು 116 ಕಿಲೋವೋಲ್ಟ್ ಏಳುತ್ತದೆ. 11 ಕಿಲೋವೋಲ್ಟ್ ಉಪಕರಣಗಳು ಸಾಮಾನ್ಯವಾಗಿ ತಡೆಯಬೇಕಾದ ಸಿಡಿಲಿನ ಮಟ್ಟ 75 ಕಿಲೋವೋಲ್ಟ್. ಎಂದರೆ ಮಣ್ಣು ಒಳ್ಳೆಯದಿದ್ದರೂ ಅಪಾಯ ಇದ್ದೇ ಇದೆ. ಮಣ್ಣಿನ ವಾಹಕತೆ ಕಡಿಮೆಯಾದಲ್ಲಿ ನೆಲದ ಉದ್ದಕ್ಕೂ ಅಡ್ಡ ದಿಕ್ಕಿನ ವಿದ್ಯುತ್ ಕ್ಷೇತ್ರವೊಂದು ಹುಟ್ಟಿ ತಂತಿಯ ಉದ್ದಕ್ಕೆ ಕೆಲಸ ಮಾಡುವುದರಿಂದ, ಸಾಮಾನ್ಯವಾಗಿ ಪ್ರೇರಿತ ವೋಲ್ಟೇಜ್ ಇನ್ನಷ್ಟು ಹೆಚ್ಚುತ್ತದೆ.

ಅದೇ ಮಣ್ಣು ಇನ್ನೊಂದು ಕಡೆಯಿಂದ ಸ್ವಲ್ಪ ಕಾಪಾಡುತ್ತದೆ ಎಂಬುದನ್ನೂ ಹೇಳಬೇಕು. ಅಲೆಯ ಚೂಪಾದ ಮುಂಭಾಗವೆಂದರೆ ಅದರ ಮೇಲ್ಮಟ್ಟದ ಆವೃತ್ತಿಗಳು. ನೆಲದಲ್ಲಿ ಬೇಗ ಕರಗುವವೂ ಅವೇ. ಬಹಳ ದೂರದಿಂದ ಬಂದ ಅಲೆ ಟ್ರಾನ್ಸ್‌ಫಾರ್ಮರ್ ತಲುಪುವಾಗ ಮೊಂಡಾಗಿರುತ್ತದೆ, ಸುರುಳಿಯ ಮೊದಲ ಸುತ್ತುಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಸಿಡಿಲಿನ ಅಲೆಯ ಲೆಕ್ಕದಲ್ಲಿ ಕಾರ್ಸನ್ ಅವರ ಸೂತ್ರವನ್ನು ಎಚ್ಚರದಿಂದ ಬಳಸಬೇಕು. ಮಣ್ಣಿನಲ್ಲಿ ಸ್ಥಾನಾಂತರ ಪ್ರವಾಹ (ವಿದ್ಯುತ್ ಕ್ಷೇತ್ರ ಬದಲಾಗುವುದರಿಂದಲೇ ಉಂಟಾಗುವ ಪ್ರವಾಹ) ಹರಿಯುವುದನ್ನು ಅವರು ಕೈಬಿಟ್ಟಿದ್ದರು. 1934ರಲ್ಲಿ ವೈಸ್ ಎಂಬವರು ಅದನ್ನು ಸೇರಿಸಿದರು. 1000 ಓಮ್-ಮೀಟರ್ ಮಣ್ಣಿನಲ್ಲಿ ಅದು ಎರಡು ಮೆಗಾಹರ್ಟ್ಸ್‌ನ ಹತ್ತಿರ ಮಹತ್ವ ಪಡೆದರೆ, 10,000 ಓಮ್-ಮೀಟರ್ ಬಂಡೆಯಲ್ಲಿ 200 ಕಿಲೋಹರ್ಟ್ಸ್‌ಗೆ ಮೊದಲೇ ಪಡೆಯುತ್ತದೆ.

ನಿಮ್ಮ ಟಿಸಿಯ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಮುಖ್ಯವಾದದ್ದು ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಲೈಟ್ನಿಂಗ್ ಅರೆಸ್ಟರ್ ಮತ್ತು ಅದರ ಅರ್ತಿಂಗ್. 16 ಮಿಲಿಮೀಟರ್ ದಪ್ಪದ, 3 ಮೀಟರ್ ಉದ್ದದ ಒಂದು ಸರಳನ್ನು 100 ಓಮ್-ಮೀಟರ್ ಮಣ್ಣಿನಲ್ಲಿ ಇಳಿಸಿದರೆ ರೋಧ ಸುಮಾರು 33 ಓಮ್. 1000 ಓಮ್-ಮೀಟರ್‌ನಲ್ಲಿ ಅದು 330 ಓಮ್. ಇಲ್ಲಿ ಪ್ರವಾಹ ಒಂದು ಬಿಂದುವಿನಿಂದ ಹೊರಡಬೇಕಾದ್ದರಿಂದ ಹರಡಿಕೊಂಡು ತಪ್ಪಿಸಿಕೊಳ್ಳುವ ದಾರಿ ಇಲ್ಲ, ರೋಧ ಮಣ್ಣಿನೊಂದಿಗೆ ನೇರವಾಗಿ ಏರುತ್ತದೆ. ಟವರ್‌ಗಳ ಕತೆಯೂ ಇದೇ. 30 ಕಿಲೋಆಂಪಿಯರ್ ಟವರ್‌ನಿಂದ ಇಳಿದಾಗ ಬುಡದ ರೋಧ 10 ಓಮ್ ಇದ್ದರೆ 300 ಕಿಲೋವೋಲ್ಟ್, 100 ಓಮ್ ಇದ್ದರೆ 3000 ಕಿಲೋವೋಲ್ಟ್ ಏಳುತ್ತದೆ. 220 ಕಿಲೋವೋಲ್ಟ್ ಮಾರ್ಗದ ಇನ್ಸುಲೇಟರ್ ಸರ ಸುಮಾರು 1050ಕ್ಕೆ ವಿನ್ಯಾಸಗೊಂಡಿರುವುದರಿಂದ ಎರಡನೆಯದನ್ನು ಅದು ತಾಳದು. ಬಂಡೆಯ ಜಾಗಗಳಲ್ಲಿ ಟವರ್ ಬುಡದಿಂದ ಕಲಾಯಿ ಹಾಕಿದ ಕಬ್ಬಿಣದ ತಂತಿಯನ್ನು ನೆಲದಡಿ ಉದ್ದಕ್ಕೆ ಹೂಳುವುದು ಈ ಕಾರಣಕ್ಕೆ. ನಿಮ್ಮ ಕಂಬದಲ್ಲೂ ಅರೆಸ್ಟರ್‌ನಿಂದ ನೆಲಕ್ಕಿಳಿಯುವ ತಂತಿ ತುಂಡಾಗಿಲ್ಲವೇ, ಟಿಸಿಯ ಹತ್ತಿರವೇ ಇದೆಯೇ ಎಂದು ನೋಡಿಸಲು ಮುಂಗಾರು ಪೂರ್ವ ಮಳೆಗೆ ಮೊದಲೇ ಕೇಳಿಕೊಳ್ಳಿ. ನೀವೇ ಕಂಬದ ಬಳಿ ಹೋಗಿ ಕೈ ಹಾಕಬಾರದು.

ಪ್ರಶ್ನೆ: ತೋಟದಲ್ಲಿ 11 ಸಾವಿರ ವೋಲ್ಟಿನ ತಂತಿ ಕಡಿದು ನೆಲಕ್ಕೆ ಬಿದ್ದರೂ ಕೆಲವೊಮ್ಮೆ ಲೈನ್ ಟ್ರಿಪ್ ಆಗುವುದಿಲ್ಲ. ಏಕೆ?
— ಓದುಗರು, ಆಲೂರು

ಉತ್ತರ: ಫೇಸ್ ಮತ್ತು ನೆಲದ ನಡುವಿನ ವೋಲ್ಟೇಜ್ ಸುಮಾರು 6350. ತಂತಿ ಬಿದ್ದ ಜಾಗದ ಒಣ ಮಣ್ಣು, ತರಗೆಲೆ, ಕಲ್ಲುಗಳ ಸಂಪರ್ಕರೋಧ 500 ಓಮ್ ಇದ್ದರೂ ಹರಿಯುವುದು 13 ಆಂಪಿಯರ್‌ಗಿಂತ ಕಡಿಮೆ. ಅದು ಸಾಮಾನ್ಯ ಬಳಕೆಯ ಪ್ರವಾಹದೊಳಗೆ ಅಡಗಿಹೋಗಿ ರಿಲೇಗೆ ತಿಳಿಯದಿರಬಹುದು. ಮನುಷ್ಯನ ಪ್ರಾಣ ತೆಗೆಯಲು ಸಾಕಾಗುವುದಕ್ಕಿಂತ ಮಾತ್ರ ಅದು ನೂರಾರು ಪಟ್ಟು ಹೆಚ್ಚು. ಬಿದ್ದ ತಂತಿ ಸದ್ದಿಲ್ಲದೆ, ಕಿಡಿಯಿಲ್ಲದೆ ಮಲಗಿದ್ದರೂ ಅದರಲ್ಲಿ ವಿದ್ಯುತ್ ಇದೆಯೆಂದೇ ತಿಳಿಯಬೇಕು. ಮಣ್ಣಿನ ರೋಧದಿಂದಾಗಿ ಸುತ್ತಲಿನ ನೆಲದಲ್ಲೇ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜ್ ಬದಲಾಗುತ್ತಿರುತ್ತದೆ. ಹತ್ತಿರ ಇರುವವರು ಪಾದಗಳನ್ನು ಕೂಡಿಸಿಕೊಂಡು, ನೆಲದಿಂದ ಎತ್ತದೆ ಸಣ್ಣ ಸಣ್ಣದಾಗಿ ಸರಿಸುತ್ತಾ ದೂರ ಹೋಗಬೇಕು. ದನಕರುಗಳನ್ನು ಆ ಕಡೆ ಬಿಡಬಾರದು. 1912 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಯಾರಾದರೂ ತಂತಿಗೆ ಸಿಕ್ಕಿಬಿದ್ದಿದ್ದರೂ ಲೈನ್ ಆಫ್ ಆಗಿದೆಯೆಂದು ಖಚಿತವಾಗುವವರೆಗೆ ಅವರನ್ನು ಮುಟ್ಟಲು ಹೋಗಬಾರದು.

ಪ್ರಶ್ನೆ: ಒಂದು ಜಾಗದ ಮಣ್ಣಿನ ರೋಧಶೀಲತೆಯನ್ನು ಅಳೆಯುವುದು ಹೇಗೆ? ಪ್ರಾಜೆಕ್ಟ್‌ಗಾಗಿ ನಮ್ಮ ಕಾಲೇಜಿನ ಮೈದಾನದಲ್ಲಿ ಮಾಡಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ಖಂಡಿತ ಮಾಡಬಹುದು, ಮಾಡಲೇಬೇಕಾದ ಪ್ರಯೋಗ. ಫ್ರಾಂಕ್ ವೆನ್ನರ್ 1915ರಲ್ಲಿ ವಿವರಿಸಿದ ನಾಲ್ಕು ಸರಳುಗಳ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ಸ್ವಲ್ಪವೇ ಆಳಕ್ಕೆ ಹೊಡೆಯಿರಿ. ಅರ್ತ್ ಟೆಸ್ಟರ್ ಹೊರಗಿನ ಎರಡರ ಮೂಲಕ ಪ್ರವಾಹ ಕಳಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆದು ಓಮ್‌ಗಳಲ್ಲಿ ತೋರಿಸುತ್ತದೆ. ಆ ಸಂಖ್ಯೆಯನ್ನು ಅಂತರದಿಂದಲೂ 6.28ರಿಂದಲೂ ಗುಣಿಸಿದರೆ ರೋಧಶೀಲತೆ. ಅಂತರ 5 ಮೀಟರ್ ಇದ್ದು ಟೆಸ್ಟರ್ 20 ಓಮ್ ತೋರಿಸಿದರೆ ನಿಮ್ಮ ಮಣ್ಣು ಸುಮಾರು 628 ಓಮ್-ಮೀಟರ್‌ನದು.

ಒಂದೇ ಅಂತರಕ್ಕೆ ನಿಲ್ಲಿಸಬೇಡಿ. ಸರಳುಗಳ ಅಂತರ ಹೆಚ್ಚಿದಷ್ಟೂ ಅಳತೆ ಆಳದ ಮಣ್ಣನ್ನು ಒಳಗೊಳ್ಳುತ್ತದೆ. 1, 2, 5, 10, 20 ಮೀಟರ್ ಅಂತರಗಳಲ್ಲಿ ಅಳೆದು ನಕ್ಷೆ ಬರೆಯಿರಿ; ಅಂತರದೊಂದಿಗೆ ರೋಧಶೀಲತೆ ಏರುತ್ತಾ ಹೋದರೆ ಅಡಿಯಲ್ಲಿ ಬಂಡೆಯಿದೆ ಎಂದರ್ಥ, ಇಳಿದರೆ ತೇವದ ಪದರವೋ ಜೇಡಿಯೋ ಇರಬಹುದು. ಮೈದಾನದಡಿ ನೀರಿನ ಕಬ್ಬಿಣದ ಪೈಪ್ ಹಾದುಹೋಗಿದ್ದರೆ ಓದು ತಪ್ಪುತ್ತದೆ. ಆದ್ದರಿಂದ ಸಾಲಿನ ದಿಕ್ಕನ್ನು ತೊಂಬತ್ತು ಡಿಗ್ರಿ ತಿರುಗಿಸಿ ಇನ್ನೊಮ್ಮೆ ಅಳೆದು ಎರಡನ್ನೂ ಹೋಲಿಸಿ. ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಅಳೆದರೆ ಮೂಡಿಗೆರೆಯ ಓದುಗರ ಪ್ರಶ್ನೆಗೆ ನಿಮ್ಮ ಮೈದಾನದ ಮಟ್ಟಿನ ಉತ್ತರವೂ ಸಿಗುತ್ತದೆ: ಒಂದು ಮೀಟರ್ ಅಂತರದ ಓದು ಎಷ್ಟು ಬದಲಾಯಿತು, ಇಪ್ಪತ್ತು ಮೀಟರ್ ಅಂತರದ್ದು ಎಷ್ಟು ಬದಲಾಯಿತು ಎಂಬುದನ್ನು ಅಕ್ಕಪಕ್ಕ ಬರೆದು ನಮಗೆ ಕಳಿಸಿ, ಪ್ರಕಟಿಸುತ್ತೇವೆ.